ಊರಿನ ಅಳತೆಗೆ ಶಾಲೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವರ ಕೋಡಿಮಠವಿತ್ತು. ನಾಲ್ಕು ವೇದ, ಪಾಣಿನಿ–ಶಾಕಟಾಯನರ ವ್ಯಾಕರಣ, ದರ್ಶನಗಳು, ಕಾವ್ಯ, ನಾಟಕ ಎಲ್ಲಕ್ಕೂ ಅದು ನೆಲೆಯಾಗಿತ್ತೆಂದು 1162ರ ಶಾಸನ ಹೇಳುತ್ತದೆ. ಕುರುಡರು, ಕುಂಟರು, ಜೈನ–ಬೌದ್ಧ ಭಿಕ್ಷುಗಳಿಗೆ ಅಲ್ಲಿ ಅನ್ನ, ರೋಗಿಗಳಿಗೆ ಮದ್ದು ಸಿಗುತ್ತಿತ್ತೆಂಬುದೂ ಅದರಲ್ಲೇ ಇದೆ. ಆದರೆ ಉಣ್ಣಲು ಬಂದವರ ಪಟ್ಟಿ ಎಷ್ಟು ಉದ್ದವೋ ಓದುವವರ ವಲಯ ಅಷ್ಟೇ ಕಿರಿದು. ಅದು ಮುಖ್ಯವಾಗಿ ಶೈವ ಬ್ರಹ್ಮಚಾರಿ ತಪಸ್ವಿಗಳದ್ದು. ಸರ್ಕಾರಿ ಶಾಲೆ ಆ ಗೆರೆಯನ್ನು ಅಳಿಸಿತು, ಅದು ಸಣ್ಣ ಮಾತಲ್ಲ. ಆದರೂ ದಾಖಲಾದ ಮಗು ಶಾಲೆಯಲ್ಲಿ ಉಳಿಯಬೇಕಾದರೆ ಊರಿನ ಹಸಿವು, ದಾರಿ, ದುಡಿಮೆಯ ಕಾಲ ಇವೂ ಲೆಕ್ಕಕ್ಕೆ ಬರಬೇಕೆಂಬುದು ನಮ್ಮ ವ್ಯವಸ್ಥೆಗೆ ತಡವಾಗಿ ಹೊಳೆಯಿತು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಕಡೆಗೂ ಬಂತು. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಬಂತು. ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು.

ಹತ್ತು ಮಕ್ಕಳಿಗೊಂದು ಶಾಲೆ ಯಾಕೆ, ಒಬ್ಬರೇ ಮೇಷ್ಟ್ರು ಎಲ್ಲ ತರಗತಿ ನೋಡಿಕೊಳ್ಳುವುದಕ್ಕಿಂತ ಶಾಲೆಗಳನ್ನು ವಿಲೀನ ಮಾಡುವುದು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಕಲಿಕೆಯ ದೃಷ್ಟಿಯಿಂದ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಕ್ಕದ ಸೊರಬ ತಾಲ್ಲೂಕಿನ ಹಳ್ಳಿಯೆಂದರೆ ಕೆರೆ, ಕೆರೆಯ ಕೆಳಗಿನ ಗದ್ದೆ, ಅಡಿಕೆ ತೋಟ, ನಡುನಡುವೆ ಚದುರಿದ ಮನೆಗಳು. ನಕ್ಷೆಯಲ್ಲಿ ಒಂದೂವರೆ ಕಿಲೋಮೀಟರ್ ಇರುವ ದಾರಿ ಜುಲೈ ಮಳೆಯಲ್ಲಿ, ಹಳ್ಳ ತುಂಬಿ ಹರಿಯುವಾಗ, ಆರು ವರ್ಷದ ಮಗುವಿಗೆ ದಾರಿಯೇ ಅಲ್ಲ. ವಾಹನ ಮೊದಲು ಬರಲಿ, ವಿಲೀನ ಆಮೇಲೆ.

ಇಂಥ ಲೆಕ್ಕ ಊರಿಗೇ ಚೆನ್ನಾಗಿ ಗೊತ್ತು, ಆದರೆ ಊರಿನ ಕೈಗೆ ಶಾಲೆ ಕೊಟ್ಟರೆ ಊರಿನ ಜಾತಿ, ದರ್ಬಾರು ಒಳಗೆ ಬರುತ್ತದೆಂಬ ಆತಂಕ ಇನ್ನೂ ಗಂಭೀರವಾದದ್ದು. ಅದಕ್ಕೆಂದೇ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದಿತು; ದುರ್ಬಲ ವರ್ಗದ ಪೋಷಕರಿಗೂ ಅಲ್ಲಿ ಪಾಲುಂಟು. ನಮ್ಮಲ್ಲಿ ಆ ಕೆಲಸ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದ್ದು (ಎಸ್‌ಡಿಎಂಸಿ). ಆದರೆ ಶಿಕಾರಿಪುರದ ತಾಂಡಾಗಳಿಂದ ಕಾಫಿ ತೋಟದ ಕೆಲಸಕ್ಕೆ ಗುಳೆ ಹೋದ ತಾಯಿ, ಅವಳಿಲ್ಲದ ತಿಂಗಳಲ್ಲಿ ಕರೆದ ಸಭೆಗೆ ಬರುವುದು ಹೇಗೆ? ಮಗುವೂ ಅವಳ ಜೊತೆಗೇ ಹೋಗಿರುತ್ತದೆ. ಸಭೆ ಗುಳೆಗೆ ಮುಂಚೆಯೇ ನಡೆಯಬೇಕು. ಮಗುವನ್ನು ಊರಲ್ಲೇ ಉಳಿಸಿಕೊಳ್ಳುವ ಋತುಮಾನ ವಸತಿ ಶಾಲೆಯ ತೀರ್ಮಾನ ಆ ಸಭೆಯಲ್ಲೇ, ಅವಳ ಎದುರಿಗೇ ಆಗಬೇಕು.