ಪುಶ್: ತಳ್ಳುವುದೋ, ಒತ್ತುವುದೋ?

ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ಅಂಗಡಿ, ಚಿಕಿತ್ಸಾಲಯಗಳ ಗಾಜಿನ ಬಾಗಿಲುಗಳ ಮೇಲೆ ನಿತ್ಯ ಕಾಣುವ ಇಂಗ್ಲಿಷ್ ಪದಗಳು ಎರಡು: ‘ಪುಶ್’ ಮತ್ತು ‘ಪುಲ್’. ಎರಡರ ಆರಂಭವೂ ಒಂದೇ. ಅರ್ಥ ಮಾತ್ರ ತದ್ವಿರುದ್ಧ. ಇಂಗ್ಲಿಷ್ ಬಲ್ಲವರೂ ಅವಸರದಲ್ಲಿ ತಳ್ಳಬೇಕಾದ ಬಾಗಿಲನ್ನು ಎಳೆಯುವುದುಂಟು. ಬಾರದವರು ಒಳಗಿನಿಂದ ಯಾರಾದರೂ ಬರಲೆಂದು ಕಾಯುತ್ತಾರೆ.

‘ಪುಶ್’ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚ್ ಭಾಷೆಯ ಮೂಲಕ. ಅದರ ಬೇರು ‘ಬಡಿ’ ಎಂಬ ಅರ್ಥದ ಲ್ಯಾಟಿನ್ ಪದದಲ್ಲಿದೆ. ನಾಡಿಮಿಡಿತಕ್ಕೆ ಹೇಳುವ ‘ಪಲ್ಸ್’ ಕೂಡ ಅದೇ ಬೇರಿನದು.

ಇಂಗ್ಲಿಷಿನ ಈ ಒಂದು ಪದ ಮಾಡುವ ಕೆಲಸವನ್ನು ಕನ್ನಡ ಹಲವು ಪದಗಳಿಗೆ ಹಂಚಿದೆ. ವಸ್ತು ಸ್ಥಳ ಬಿಟ್ಟು ಸರಿಯುವುದಾದರೆ ‘ತಳ್ಳು’. ತರಕಾರಿಯ ತಳ್ಳುಗಾಡಿ ಇದಕ್ಕೆ ಸಾಕ್ಷಿ. ಜನಸಂದಣಿಯ ಬಲವಿದ್ದರೆ ‘ನೂಕು’, ಅದರಿಂದಲೇ ನೂಕುನುಗ್ಗಲು. ‘ದೂಡು’ವಿನಿಂದ ಸಭೆಗಳನ್ನು ಮುಂದೂಡುತ್ತೇವೆ. ಅವಮಾನಿಸಿ ಹೊರಹಾಕುವುದು ‘ದಬ್ಬು’. ಒಂದೆಡೆ ಬೆರಳಿಟ್ಟು ಭಾರ ಹಾಕುವುದು ‘ಒತ್ತು’. ಒತ್ತಡ, ಒತ್ತಾಯಗಳಷ್ಟೇ ಅಲ್ಲ, ವೃಷಭಾವತಿ ಕಣಿವೆಯ ರಾಜಕಾಲುವೆಗಳ ಸುದ್ದಿಯಲ್ಲಿ ಬರುವ ‘ಒತ್ತುವರಿ’ಯೂ ಇದೇ ಕುಟುಂಬದ್ದು.

ಆದ್ದರಿಂದ ಬಾಗಿಲಿಗೆ ‘ತಳ್ಳಿರಿ’, ಗುಂಡಿಗೆ ‘ಒತ್ತಿರಿ’ ಎಂಬುದೇ ಸರಿ. ನಿಘಂಟಿನ ಮೊದಲ ಅರ್ಥವನ್ನೇ ಎತ್ತಿಕೊಂಡು ಕರೆಗಂಟೆಗೆ ‘ತಳ್ಳಿರಿ’ ಎಂದು ಬರೆದರೆ ನಗೆಪಾಟಲಾದೀತು. ವ್ಯಾಯಾಮದ ‘ಪುಶ್‌ಅಪ್’ಗೆ ಗರಡಿಮನೆಯ ‘ದಂಡ’ ಹತ್ತಿರದ ಪದ. ಉದ್ಯಮಕ್ಕೆ ಸರ್ಕಾರ ಕೊಡುವ ‘ಪುಶ್’ ಎಂದರೆ ಉತ್ತೇಜನ. ಮೊಬೈಲಿನ ‘ಪುಶ್ ನೋಟಿಫಿಕೇಷನ್’ ಎಂದರೆ ನಾವು ಹುಡುಕದಿದ್ದರೂ ತಾನಾಗಿ ಬಂದು ತಲುಪುವ ಸೂಚನೆ.

ವಾಣಿಜ್ಯ ಮಳಿಗೆಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂಬ ನಿಯಮ 2024ರ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾಯಿತು. ಆದರೆ ನಾಮಫಲಕ ಹೇಳುವುದು ಅಂಗಡಿಯ ಹೆಸರನ್ನು. ಒಳಗೆ ಹೋಗುವ ಬಗೆಯನ್ನು ಹೇಳುವುದು ಬಾಗಿಲ ಹಿಡಿಯ ಬಳಿಯ ಪುಟ್ಟ ಚೀಟಿ. ಕೈಯಲ್ಲಿ ಔಷಧದ ಚೀಟಿ ಹಿಡಿದು ಚಿಕಿತ್ಸಾಲಯದ ಮುಂದೆ ನಿಂತ ವೃದ್ಧೆಗೆ ಬೇಕಾದದ್ದು ಆ ಎರಡನೆಯದು. ‘ತಳ್ಳಿರಿ’, ‘ಎಳೆಯಿರಿ’ ಎಂಬ ಎರಡು ಪದಗಳನ್ನು ಅಂಟಿಸಲು ಯಾವ ಕಾನೂನೂ ಬೇಕಿಲ್ಲ, ಹೆಚ್ಚಿನ ವೆಚ್ಚವೂ ಇಲ್ಲ.