ಸ್ನ್ಯಾಪ್‌ಶಾಟ್ ಇದೆ ಅಂತ ನೆಮ್ಮದಿಯಾಗಿರಬೇಡಿ: ಮನೆ ಕಂಪ್ಯೂಟರ್‌ನ ವಿಎಂ ಬ್ಯಾಕಪ್ ಮತ್ತು ರಿಸ್ಟೋರ್

ಹೋದ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕ್ತಿದ್ದೀನಿ. ಪಕ್ಕದಲ್ಲಿ ಇದನ್ನ ತೆರೆದಿಟ್ಟುಕೊಂಡು ಒಂದೊಂದೇ ಹೆಜ್ಜೆ ಮಾಡೋರಿಗೆ ಬರಹವೇ ಅನುಕೂಲ.

ಮೊದಲು ನನ್ನ ತಪ್ಪಿನ ಕಥೆ ಹೇಳಿಬಿಡ್ತೀನಿ.

ನಾನಿರೋದು ಪುಣೆಯಲ್ಲಿ, ಊರು ಹಾವೇರಿ ಕಡೆ. ಅಪ್ಪ ಹೈಸ್ಕೂಲ್ ಮಾಸ್ತರ್ ಆಗಿ ನಿವೃತ್ತರಾದವರು. ವರ್ಷಕ್ಕೆ ನಾಲ್ಕೈದು ತಿಂಗಳು ನಮ್ಮ ಜೊತೆ ಇರ್ತಾರೆ. ಊರಿನ ಒಗಟು, ಗಾದೆ, ಬೀಸುವ ಪದಗಳನ್ನ ಕೂಡಿಸಿಡೋದು ಅವರ ಹುಚ್ಚು. ಟೈಪ್ ಮಾಡೋದು ಯುನಿಕೋಡ್‌ಗಿಂತ ಮುಂಚಿನ ಹಳೇ ನುಡಿಯಲ್ಲಿ. ಹೊಸ ಕಂಪ್ಯೂಟರ್ ತಂದಾಗ ಅವರ ಕೈಗೆ ಕೂತಿರೋ ಅಭ್ಯಾಸ ಬದಲಿಸೋದು ಬೇಡ ಅಂತ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ 7ರ ವಿಎಂ ಮಾಡಿಕೊಟ್ಟೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ಹಾಗಾಗಿ ಅದಕ್ಕೆ ನೆಟ್‌ವರ್ಕ್ ಕೊಟ್ಟಿರಲಿಲ್ಲ. ಪ್ರತಿ ಭಾನುವಾರ ಒಂದು ಸ್ನ್ಯಾಪ್‌ಶಾಟ್ ತಗೊಳ್ತಿದ್ದೆ. ಎಂಟೆಕ್ ಓದಿದವನು ನಾನು, ಬ್ಯಾಕಪ್ ಆಯ್ತು ಅಂದ್ಕೊಂಡಿದ್ದೆ!

ಒಂದು ಬೆಳಿಗ್ಗೆ ಎಸ್‌ಎಸ್‌ಡಿ ಸತ್ತುಹೋಯ್ತು. ಕಂಪ್ಯೂಟರ್‌ಗೆ ಅದು ಕಾಣಿಸ್ತಾನೇ ಇಲ್ಲ. ಸ್ನ್ಯಾಪ್‌ಶಾಟ್‌ಗಳೂ ಅದರಲ್ಲೇ ಇದ್ದವು. ಪುಣ್ಯಕ್ಕೆ ಎರಡು ವಾರದ ಹಿಂದೆ ವಿಎಂನ ವಿಡಿಐ ಫೈಲ್ ಒಂದನ್ನ ಎಕ್ಸ್‌ಟರ್ನಲ್ ಡ್ರೈವ್‌ಗೆ ಕಾಪಿ ಮಾಡಿದ್ದೆ. ಹೊಸ ಡಿಸ್ಕ್ ಹಾಕಿ ಅದನ್ನ ತೆರೆದ್ರೆ, ಒಳಗಿರೋದು ಎರಡು ವಾರದ ಹಿಂದಿನದಲ್ಲ, ಮೂರು ತಿಂಗಳ ಹಿಂದಿನದು! ಅಪ್ಪ ಪಕ್ಕದಲ್ಲೇ ಕೂತಿದ್ರು. "ಯಾಕಪಾ, ನನ್ನ ಫೈಲ್ ಎಲ್ಲಿ ಹೋದ್ವು?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಹೀಗ್ಯಾಕಾಯ್ತು?

ವಿಎಂನ ಹಾರ್ಡ್ ಡಿಸ್ಕ್ ಅಂದ್ರೆ ನಮ್ಮ ಕಂಪ್ಯೂಟರ್‌ನಲ್ಲಿರೋ ಒಂದು ದೊಡ್ಡ ಫೈಲ್, ಅದೇ ವಿಡಿಐ. ನೀವು ಮೊದಲ ಸ್ನ್ಯಾಪ್‌ಶಾಟ್ ತಗೊಂಡ ಕೂಡಲೇ ಆ ಫೈಲ್ ಅಲ್ಲಿಗೇ ನಿಂತುಬಿಡುತ್ತೆ. ಆಮೇಲೆ ಬರೆದಿದ್ದೆಲ್ಲ 'ಸ್ನ್ಯಾಪ್‌ಶಾಟ್ಸ್' ಅನ್ನೋ ಒಳ ಫೋಲ್ಡರ್‌ನಲ್ಲಿ ಬೇರೆ ಫೈಲ್‌ಗೆ ಹೋಗುತ್ತೆ. ಲೆಕ್ಕದ ಪುಸ್ತಕಕ್ಕೆ ಗೆರೆ ಹೊಡೆದು, ಮುಂದಿನ ಬದಲಾವಣೆಯನ್ನೆಲ್ಲ ಬೇರೆ ಚೀಟಿಯಲ್ಲಿ ಬರೆದಿಟ್ಟ ಹಾಗೆ. ಚೀಟಿ ಇಲ್ಲದೆ ಪುಸ್ತಕದಲ್ಲಿ ಹೊಸ ಲೆಕ್ಕ ಇಲ್ಲ, ಪುಸ್ತಕ ಇಲ್ಲದೆ ಚೀಟಿಗೆ ಅರ್ಥ ಇಲ್ಲ. ನಾನು ಕಾಪಿ ಮಾಡಿದ್ದು ಪುಸ್ತಕ ಮಾತ್ರ, ಚೀಟಿಗಳೆಲ್ಲ ಎಸ್‌ಎಸ್‌ಡಿ ಜೊತೆ ಹೋದವು.

ಸ್ನ್ಯಾಪ್‌ಶಾಟ್ ಕೆಟ್ಟದ್ದು ಅಂತಲ್ಲ. ಹೊಸ ಸಾಫ್ಟ್‌ವೇರ್ ಹಾಕೋ ಮುಂಚೆ ತಗೊಂಡ್ರೆ, ಎಡವಟ್ಟಾದಾಗ ಹಿಂದಕ್ಕೆ ಹೋಗಬಹುದು. ಅದು ನಮ್ಮ ತಪ್ಪಿಗೆ ಮದ್ದು, ಡಿಸ್ಕ್ ಸಾಯೋದಕ್ಕಲ್ಲ.

ಬ್ಯಾಕಪ್: ಎರಡು ದಾರಿ

ಎರಡಕ್ಕೂ ಮೊದಲ ನಿಯಮ ಒಂದೇ: ವಿಎಂನ ಪೂರ್ತಿ ಶಟ್‌ಡೌನ್ ಮಾಡಿ. ಕಿಟಕಿ ಮುಚ್ಚುವಾಗ 'ಸೇವ್ ಸ್ಟೇಟ್' ಕೊಟ್ರೆ ಅದು ಬರೀ ನಿದ್ದೆ. ಓಡ್ತಿರೋ ವಿಎಂನ ಫೈಲ್ ಕಾಪಿ ಮಾಡಿದ್ರೆ ಅರ್ಧ ಹಳೇದು ಅರ್ಧ ಹೊಸದು ಸೇರಿ ಕೆಡಬಹುದು.

ಮೊದಲನೇ ದಾರಿ, ಇಡೀ ಫೋಲ್ಡರ್ ಕಾಪಿ. ನಿಮ್ಮ ಯೂಸರ್ ಫೋಲ್ಡರ್ ಒಳಗೆ 'ವರ್ಚುವಲ್‌ಬಾಕ್ಸ್ ವಿಎಂಸ್' ಅಂತ ಇರುತ್ತೆ. ಅದರೊಳಗೆ ನಿಮ್ಮ ವಿಎಂ ಹೆಸರಿನ ಫೋಲ್ಡರ್. ವಿಡಿಐ, ಸೆಟ್ಟಿಂಗ್ಸ್ ಇರೋ ವಿಬಾಕ್ಸ್ ಫೈಲ್, ಸ್ನ್ಯಾಪ್‌ಶಾಟ್‌ಗಳು ಎಲ್ಲಾ ಸೇರಿ ಆ ಫೋಲ್ಡರನ್ನೇ ಎತ್ತಿ ಎಕ್ಸ್‌ಟರ್ನಲ್ ಡ್ರೈವ್‌ಗೆ ಹಾಕಿ. ಡಿಸ್ಕ್ ಫೈಲನ್ನ ನೀವೇ ಬೇರೆ ಕಡೆ ಇಟ್ಟಿದ್ರೆ ಅದನ್ನೂ ತಗೊಳ್ಳಿ.

ಎರಡನೇ ದಾರಿ, ಎಕ್ಸ್‌ಪೋರ್ಟ್. 'ಫೈಲ್' ಮೆನುವಿನಲ್ಲಿ 'ಎಕ್ಸ್‌ಪೋರ್ಟ್ ಅಪ್ಲೈಯನ್ಸ್' ಕೊಟ್ರೆ ಎಲ್ಲಾ ಸೇರಿ ಓವಿಎ ಅನ್ನೋ ಒಂದೇ ಫೈಲ್ ಆಗುತ್ತೆ. ಒಳಗೆ ಕುಗ್ಗಿಸಿಡೋದ್ರಿಂದ ಗಾತ್ರ ಕಮ್ಮಿ. ನನ್ನ 22 ಜಿಬಿ ವಿಎಂ 13 ಜಿಬಿ ಆಯ್ತು. ಆದ್ರೆ ಇದರಲ್ಲಿ ಈಗಿನ ಸ್ಥಿತಿ ಮಾತ್ರ ಬರುತ್ತೆ, ಹಳೇ ಸ್ನ್ಯಾಪ್‌ಶಾಟ್‌ಗಳು ಬರಲ್ಲ. ಮನೆ ಬಳಕೆಗೆ ಅಷ್ಟು ಸಾಕು.

ಇನ್ನು ಎರಡು ಮಾತು. ಪೆನ್‌ಡ್ರೈವ್ ಫ್ಯಾಟ್32 ಆಗಿದ್ರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಫೈಲ್ ಹಿಡಿಸಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಅದರಲ್ಲಿರೋದನ್ನ ಮೊದಲು ಬೇರೆ ಕಡೆ ತೆಗೆದಿಡೋದು ಮರೀಬೇಡಿ. ಇನ್ನೊಂದು, 'ಶೇರ್ಡ್ ಫೋಲ್ಡರ್' ಬಳಸ್ತಿದ್ರೆ ಅದು ಇರೋದು ವಿಎಂ ಹೊರಗೆ. ಅದನ್ನ ಬೇರೆಯಾಗಿಯೇ ಕಾಪಿ ಮಾಡಬೇಕು.

ರಿಸ್ಟೋರ್

ಫೋಲ್ಡರ್ ಕಾಪಿ ಇದ್ರೆ, ಅದನ್ನ ಮೊದಲು ಕಂಪ್ಯೂಟರ್‌ನ ಡಿಸ್ಕ್‌ಗೆ ಹಾಕ್ಕೊಳ್ಳಿ. ಆಮೇಲೆ 'ಮಷೀನ್' ಮೆನುವಿನಲ್ಲಿ 'ಆ್ಯಡ್' ಕೊಟ್ಟು ವಿಬಾಕ್ಸ್ ಫೈಲ್ ತೋರಿಸಿ. ನೇರ ಎಕ್ಸ್‌ಟರ್ನಲ್ ಡ್ರೈವ್‌ನಿಂದ ಓಡಿಸಬೇಡಿ, ಹಾಗೆ ಮಾಡಿದ್ರೆ ನಿಮ್ಮ ಬ್ಯಾಕಪ್ಪೇ ಬದಲಾಗಿಬಿಡುತ್ತೆ. ಓವಿಎ ಇದ್ರೆ 'ಫೈಲ್' ಮೆನುವಿನ 'ಇಂಪೋರ್ಟ್ ಅಪ್ಲೈಯನ್ಸ್' ಸಾಕು.

ಅದೇ ಕಂಪ್ಯೂಟರ್‌ನಲ್ಲಿ ಹಳೇ ವಿಎಂ ಪಟ್ಟಿಯಲ್ಲಿರುವಾಗಲೇ ಫೋಲ್ಡರ್ ಕಾಪಿ ಸೇರಿಸೋಕೆ ಹೋದ್ರೆ, ಎರಡಕ್ಕೂ ಗುರುತಿನ ಸಂಖ್ಯೆ ಒಂದೇ ಆಗಿರೋದ್ರಿಂದ ವರ್ಚುವಲ್‌ಬಾಕ್ಸ್ ಒಪ್ಪಲ್ಲ. ಹಳೇದನ್ನ ಪಟ್ಟಿಯಿಂದ ಮಾತ್ರ ತೆಗೀರಿ. ಫೈಲ್ ಅಳಿಸೋ ಆಯ್ಕೆ ಒತ್ತಬೇಡಿ. ಹೊಸ ಕಂಪ್ಯೂಟರ್‌ನಲ್ಲಿ ವಿಎಂ ಏಳದೇ ಇದ್ರೆ, ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಆಗಿದೆಯಾ ನೋಡಿ. ವರ್ಚುವಲ್‌ಬಾಕ್ಸ್ ಕೂಡ ಹಳೇ ಆವೃತ್ತಿಯದ್ದಾಗಿರಬಾರದು.

ನಾನೀಗ ಮಾಡ್ತಿರೋದು

3-2-1 ಅನ್ನೋ ನಿಯಮ ನೀವು ಕೇಳಿರ್ತೀರಿ: ಒಟ್ಟು 3 ಪ್ರತಿ, 2 ಬೇರೆ ಬೇರೆ ಸಾಧನಗಳಲ್ಲಿ, 1 ಮನೆ ಹೊರಗೆ. ನಮ್ಮಂಥೋರಿಗೆ ಮನೆ ಹೊರಗಿನ ಜಾಗ ಹುಡುಕೋದು ಕಷ್ಟವೇ ಅಲ್ಲ, ಊರಿದೆಯಲ್ಲ! ಭಾನುವಾರ ಓವಿಎ ಮಾಡಿ ಎಕ್ಸ್‌ಟರ್ನಲ್ ಡ್ರೈವ್‌ಗೆ ಹಾಕ್ತೀನಿ. ಯುಗಾದಿಗೂ ದೀಪಾವಳಿಗೂ ಊರಿಗೆ ಹೋಗುವಾಗ ಇನ್ನೊಂದು ಡ್ರೈವ್ ಜೊತೆಗೆ ಬರುತ್ತೆ, ಅಲ್ಲಿ ಅವ್ವನ ಟ್ರೆಜರಿಯಲ್ಲಿ ಇರುತ್ತೆ.

ಎಲ್ಲಕ್ಕಿಂತ ಮುಖ್ಯ, ಮೂರು ತಿಂಗಳಿಗೊಮ್ಮೆ ಹೆಂಡತಿ ಲ್ಯಾಪ್‌ಟಾಪ್‌ನಲ್ಲಿ ಆ ಓವಿಎ ಇಂಪೋರ್ಟ್ ಮಾಡಿ, ವಿಎಂ ಆನ್ ಮಾಡಿ, ಅಪ್ಪ ಕೊನೆಗೆ ಟೈಪ್ ಮಾಡಿದ ಫೈಲ್ ತೆರೆದು ನೋಡ್ತೀನಿ. ತಾರೀಖು ಸರಿ ಇದ್ರೆ ಮಾತ್ರ ಅದು ಬ್ಯಾಕಪ್. ಅವತ್ತು ನಾನು ಕಾಪಿ ಮಾಡಿದ ವಿಡಿಐನ ಒಂದೇ ಒಂದು ಸಲ ಹೀಗೆ ತೆರೆದು ನೋಡಿದ್ದಿದ್ರೆ, ಎರಡು ವಾರದ ಕೆಲಸ ಮಾತ್ರ ಹೋಗ್ತಿತ್ತು.

ಅಪ್ಪನ ನೋಟ್‌ಬುಕ್‌ನಲ್ಲಿದ್ದದ್ದನ್ನ ಇಬ್ಬರೂ ಕೂತು ಮತ್ತೆ ಟೈಪ್ ಮಾಡಿದ್ವಿ. ಫೋನ್‌ನಲ್ಲಿ ಊರವರನ್ನ ಕೇಳಿ ನೇರವಾಗಿ ಟೈಪ್ ಮಾಡಿದ್ದ ಸುಮಾರು 40 ಒಗಟು ನೋಟ್‌ಬುಕ್‌ನಲ್ಲಿರಲಿಲ್ಲ. ಅದರಲ್ಲಿ ಒಂದಷ್ಟನ್ನ ಹೇಳಿದ ಅಜ್ಜಿ ಈಗಿಲ್ಲ. ಅಪ್ಪ ಬೈಲಿಲ್ಲ, "ಇರ್ಲಿ ಬಿಡಪಾ" ಅಂದ್ರು. ಬೈದಿದ್ರೇ ಚೆನ್ನಾಗಿತ್ತು.

ನಿಮ್ಮ ಮನೆಯಲ್ಲೂ ಅಮ್ಮನ ಲೆಕ್ಕವೋ, ಹಳೇ ಟ್ಯಾಲಿಯೋ, ನಿಮ್ಮದೇ ಪ್ರಾಜೆಕ್ಟೋ ಯಾವುದಾದ್ರೂ ವಿಎಂನಲ್ಲಿ ಕೂತಿರಬಹುದು. ಈ ಭಾನುವಾರ ಎಕ್ಸ್‌ಪೋರ್ಟ್ ಮಾಡಿ. ಮಾಡಿದ್ದನ್ನ ಬೇರೆ ಕಂಪ್ಯೂಟರ್‌ನಲ್ಲಿ ತೆರೆದೂ ನೋಡಿ. ಮುಂದಿನ ವಾರ ಸಿಗೋಣ.