ಮಕ್ಕಳು ಆಡುವ ಜಾಗದಲ್ಲಿ ಮದ್ಯಕ್ಕೇನು ಕೆಲಸ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಕುಟುಂಬಗಳಿಗೆ ಮನೆಮಂದಿಯೆಲ್ಲ ಒಟ್ಟಾಗಿ ಹೊರಗೆ ಹೋಗುವ ಅವಕಾಶ ವರ್ಷಕ್ಕೆ ಒಂದೆರಡು ಸಲ ಸಿಕ್ಕರೆ ಹೆಚ್ಚು. ಹೊಗೆಸೊಪ್ಪು ಹರಾಜಾಗಿ ಕೈಗೆ ನಾಲ್ಕು ಕಾಸು ಬಂದಾಗ, ಶಾಲೆಗೆ ರಜೆ ಬಿಟ್ಟಾಗ, ಈದ್‌ನ ಮರುದಿನ ಅಥವಾ ದೂರದೂರಿನಿಂದ ಮಗಳು-ಅಳಿಯ ಬಂದಾಗ ಒಂದು ಗಾಡಿ ಗೊತ್ತುಮಾಡಿ ಹೊರಡುತ್ತಾರೆ. ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಎಲ್ಲರೂ ಅದರಲ್ಲಿರುತ್ತಾರೆ. ಹೆಚ್ಚಿನವರು ಹೋಗುವುದು ಕನ್ನಂಬಾಡಿ ಕಟ್ಟೆಗೆ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಮೈಸೂರಿನ ಜಿ.ಆರ್.ಎಸ್. ಪಾರ್ಕಿಗೋ ಬಿಡದಿಯ ವಂಡರ್‌ಲಾಕ್ಕೋ ಹೋಗುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರೇ ಗುಂಪಾಗಿ ಮಕ್ಕಳನ್ನು ಕಟ್ಟಿಕೊಂಡು ಸರ್ಕಾರಿ ಬಸ್ಸಿನಲ್ಲಿ ಹೋಗಿಬರುವುದೂ ಸುಲಭವಾಗಿದೆ. ಇದು ಸಂತೋಷದ ವಿಷಯ.

ಇಂತಹ ಕುಟುಂಬಗಳು ಹೋಗುವ ಜಾಗದಲ್ಲಿ ಮದ್ಯ ಇರಬೇಕೇ? ಇರುವುದಾದರೆ ಎಷ್ಟಿರಬೇಕು? ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದು ನಿಂತಿದೆ.

ಪ್ರಶ್ನೆ ಈಗೇಕೆ?

ಕೆ.ಆರ್.ಎಸ್.ನ ಬೃಂದಾವನ ಉದ್ಯಾನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಕೊಡುಗೆ. 1927ರಲ್ಲಿ ಆರಂಭವಾದ ಕೆಲಸ 1932ರಲ್ಲಿ ಮುಗಿಯಿತು. ಅಂದಿನಿಂದ ಇಂದಿನವರೆಗೆ ಅದು ಬಡವ-ಬಲ್ಲಿದ, ಹಿಂದೂ-ಮುಸ್ಲಿಮ್-ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲರ ಕುಟುಂಬಗಳಿಗೂ ತೆರೆದಿರುವ ತಾಣ. 2018ರಲ್ಲಿ ಅಂದಿನ ಸರ್ಕಾರ ಅಲ್ಲಿ ಅಮೆರಿಕದ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕ್ ಕಟ್ಟುವುದಾಗಿ ಹೇಳಿತು. 2024ರಲ್ಲಿ ರಾಜ್ಯ ಸಚಿವ ಸಂಪುಟ ಸುಮಾರು 2,663 ಕೋಟಿ ರೂಪಾಯಿ ವೆಚ್ಚದಲ್ಲಿ, ಖಾಸಗಿ ಸಹಭಾಗಿತ್ವದಲ್ಲಿ ಬೃಂದಾವನವನ್ನು ವಿಶ್ವದರ್ಜೆಗೆ ಏರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಣೆಕಟ್ಟೆಗೆ ಅಪಾಯವಾದೀತು ಎಂದು ರೈತ ಸಂಘಟನೆಗಳು ವಿರೋಧಿಸಿದವು. 2025ರಲ್ಲಿ ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು.

ಪಾರ್ಕ್ ಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಅದನ್ನು ರೈತರು, ಎಂಜಿನಿಯರುಗಳು, ನ್ಯಾಯಾಲಯ ನೋಡಿಕೊಳ್ಳಲಿ. ಆದರೆ ಅಲ್ಲಾಗಲಿ, ನಾಳೆ ನಮ್ಮ ಜಿಲ್ಲೆಯಲ್ಲಾಗಲಿ, ಕುಟುಂಬಗಳಿಗೆಂದೇ ಪಾರ್ಕ್ ಬರುವುದಾದರೆ ಅದರ ಆವರಣದಲ್ಲಿ ಮದ್ಯಕ್ಕೆ ಜಾಗವಿಲ್ಲ ಎಂಬ ಮಾತು ಮೊದಲ ಕರಾರು ಪತ್ರದಲ್ಲೇ ಬರಬೇಕು. ಈ ಲೇಖನದ ಒತ್ತಾಯ ಇಷ್ಟೇ.

ಡಿಸ್ನಿಲ್ಯಾಂಡ್ ಕಲಿಸುವ ಪಾಠ

ಡಿಸ್ನಿಲ್ಯಾಂಡ್‌ನ ಹೆಸರು ಹೇಳುವವರು ಅದರ ಇತಿಹಾಸವನ್ನೂ ಓದಬೇಕು. ವಾಲ್ಟ್ ಡಿಸ್ನಿ 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ತನ್ನ ಪಾರ್ಕನ್ನು ತೆರೆದಾಗ ಅಲ್ಲಿ ಬಿಯರ್ ಸಹ ಮಾರಲಿಲ್ಲ. ಮದ್ಯ ಬಂದರೆ ಅದರ ಹಿಂದೆ ಗಲಾಟೆ ಮಾಡುವವರೂ ಬರುತ್ತಾರೆ ಎಂಬುದು ಆತನ ಅಭಿಪ್ರಾಯವಾಗಿತ್ತು. ಆತ ಮೌಲವಿಯೂ ಅಲ್ಲ, ಸಂನ್ಯಾಸಿಯೂ ಅಲ್ಲ. ಕುಡಿತ ಸಾಮಾನ್ಯವಾಗಿರುವ ಸಮಾಜದಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ. ಆದರೂ ಮಕ್ಕಳ ತಾಣ ಹೇಗಿರಬೇಕು ಎಂಬುದು ಆತನಿಗೆ ಗೊತ್ತಿತ್ತು.

ಮುಂದೇನಾಯಿತು ನೋಡಿ. 1967ರಲ್ಲಿ ಅದೇ ಪಾರ್ಕಿನೊಳಗೆ ಸದಸ್ಯರಿಗೆ ಮಾತ್ರ ಎಂದು ಒಂದು ಖಾಸಗಿ ಕ್ಲಬ್ ತೆರೆಯಿತು. ಅಲ್ಲಿ ಮದ್ಯಕ್ಕೆ ಅವಕಾಶವಿತ್ತು. 1992ರಲ್ಲಿ ಪ್ಯಾರಿಸ್ ಬಳಿ ತೆರೆದ ಡಿಸ್ನಿ ಪಾರ್ಕ್ ಮೊದಲು ಮದ್ಯವಿಲ್ಲದೆಯೇ ಇತ್ತು. ಊಟದ ಜೊತೆ ವೈನ್ ಬೇಕೆಂದು ಫ್ರೆಂಚರು ಗೊಣಗಿದಾಗ ಮರುವರ್ಷವೇ ನಿಯಮ ಸಡಿಲಾಯಿತು. ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್ 1971ರಿಂದ ಮದ್ಯವಿಲ್ಲದೆ ನಡೆದಿತ್ತು. 2012ರಲ್ಲಿ ಒಂದೇ ಒಂದು ರೆಸ್ಟೋರೆಂಟಿನಲ್ಲಿ, ರಾತ್ರಿ ಊಟಕ್ಕೆ ಮಾತ್ರ ಎಂದು ವೈನ್, ಬಿಯರ್ ಬಂತು. ಬಳಿಕ ಇನ್ನಷ್ಟು ರೆಸ್ಟೋರೆಂಟುಗಳಿಗೆ ಹಬ್ಬಿತು. 2019ರಲ್ಲಿ ಕ್ಯಾಲಿಫೋರ್ನಿಯಾದ ಮೂಲ ಪಾರ್ಕಿನಲ್ಲಿಯೂ ಸಾರ್ವಜನಿಕರಿಗೆ ಮದ್ಯ ಸಿಗುವಂತಾಯಿತು.

‘ಸ್ವಲ್ಪ ಮಿತಿಯಲ್ಲಿ ಇರಲಿ ಬಿಡಿ’ ಎನ್ನುವವರು ಇದನ್ನು ಗಮನಿಸಬೇಕು. ಒಂದು ಮೂಲೆಗೆ, ಒಂದು ಹೊತ್ತಿಗೆ, ಒಂದು ವರ್ಗಕ್ಕೆ ಎಂದು ಎಳೆದ ಗೆರೆ ಎಳೆದ ಕಡೆ ನಿಲ್ಲುವುದಿಲ್ಲ. ಲಾಭ ಅದನ್ನು ಮುಂದೆ ತಳ್ಳುತ್ತಲೇ ಇರುತ್ತದೆ.

ನಮ್ಮಲ್ಲಿ ವಂಡರ್‌ಲಾ ಇದಕ್ಕೆ ಒಳ್ಳೆಯ ಉತ್ತರ. 2000ದಲ್ಲಿ ಕೊಚ್ಚಿಯಲ್ಲಿ, 2005ರಲ್ಲಿ ಬಿಡದಿಯಲ್ಲಿ ಆರಂಭವಾದ ಈ ಪಾರ್ಕುಗಳಲ್ಲಿ ಮದ್ಯಪಾನ ನಿಷಿದ್ಧ. ಕುಡಿದು ಬಂದವರಿಗೆ ಒಳಗೆ ಪ್ರವೇಶವಿಲ್ಲ. ಆದರೂ ಜನ ಮುಗಿಬೀಳುತ್ತಾರೆ, ಕಂಪೆನಿ ಬೆಳೆದಿದೆ. ಮದ್ಯವಿಲ್ಲದಿದ್ದರೆ ಪಾರ್ಕ್ ನಡೆಯದು ಎಂಬ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಬಾಗಿಲು ಮುಚ್ಚಿದರೆ ಕಿಟಕಿ

ನಮ್ಮ ರಾಜ್ಯದ ಅಬಕಾರಿ ನಿಯಮಗಳನ್ನು ಸ್ವಲ್ಪ ತಿಳಿದುಕೊಂಡರೆ ಅಪಾಯ ಯಾವ ದಾರಿಯಿಂದ ಬರುತ್ತದೆ ಎಂಬುದು ಗೊತ್ತಾಗುತ್ತದೆ. ಚಿಲ್ಲರೆ ಮದ್ಯದಂಗಡಿಗೆ ಸಿಎಲ್-2, ಬಾರ್ ಅಂಡ್ ರೆಸ್ಟೋರೆಂಟಿಗೆ ಸಿಎಲ್-9 ಸನ್ನದು. 1992ರ ನಂತರ ದಶಕಗಳ ಕಾಲ ಹೊಸದಾಗಿ ಈ ಎರಡನ್ನೂ ಕೊಡಲಿಲ್ಲ. ಆದರೆ ವಸತಿ ಸೌಕರ್ಯವಿರುವ ಹೋಟೆಲಿಗೆ ಕೊಡುವ ಸಿಎಲ್-7 ನಿಲ್ಲಲಿಲ್ಲ. ಕ್ಲಬ್ಬಿಗೆ ಸಿಎಲ್-4, ಸ್ಟಾರ್ ಹೋಟೆಲಿಗೆ ಸಿಎಲ್-6ಎ, ಒಂದು ದಿನದ ಸಮಾರಂಭಕ್ಕೆ ಸಿಎಲ್-5 ಇವೆ.

ದೊಡ್ಡ ಪಾರ್ಕ್ ಎಂದರೆ ಆಟದ ಯಂತ್ರಗಳಷ್ಟೇ ಅಲ್ಲ. ಅದರ ಪಕ್ಕದಲ್ಲಿ ತಂಗುವ ಹೋಟೆಲು, ಕಲ್ಯಾಣ ಮಂಟಪ, ಕಂಪೆನಿಗಳ ಸಭೆಗೆ ಸಭಾಂಗಣ ಬರುವುದು ಸಾಮಾನ್ಯ. ಪಾರ್ಕಿನ ಗೇಟಿನಲ್ಲಿ ‘ಮದ್ಯಪಾನ ನಿಷೇಧಿಸಿದೆ’ ಎಂಬ ಬೋರ್ಡು ತೂಗುತ್ತಿರುತ್ತದೆ. ಅದೇ ಕಾಂಪೌಂಡಿನ ಹೋಟೆಲಿನಲ್ಲಿ ಸಿಎಲ್-7, ಹೊಸ ವರ್ಷದ ರಾತ್ರಿಗೆ ಸಿಎಲ್-5. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಕುಡಿದವನು ಹೋಟೆಲಿನಿಂದ ಇಳಿದು ಬರುವುದು ಮಕ್ಕಳ ಉಯ್ಯಾಲೆಯ ಪಕ್ಕಕ್ಕೇ.

ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದೆಂಬ ನಿಯಮ 1967ರಿಂದಲೂ ಇದೆ. ಅದರಲ್ಲೂ ಕೆಲವು ವಿನಾಯಿತಿಗಳಿವೆ ಎಂಬುದು ಬೇರೆ ಮಾತು. ದಿನಕ್ಕೆ ಸಾವಿರಾರು ಮಕ್ಕಳು ಬರುವ ಮನರಂಜನಾ ಪಾರ್ಕಿನ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. ಆದ್ದರಿಂದಲೇ ಪಾರ್ಕಿನ ಮಟ್ಟಿಗೆ ಕರಾರು ಪತ್ರವೇ ಕಾನೂನು. ಖಾಸಗಿಯವರ ಜೊತೆಗಿನ ಇಂತಹ ಕರಾರುಗಳು ಹಲವು ವರ್ಷಗಳಿಗೆ ಆಗುತ್ತವೆ. ಮೊದಲು ಸುಮ್ಮನಿದ್ದು ಆಮೇಲೆ ಗೇಟಿನ ಮುಂದೆ ಧರಣಿ ಕೂತು ಫಲವಿಲ್ಲ.

ಸರ್ಕಾರಕ್ಕೆ ಇದು ಸಣ್ಣ ವಿಷಯವೂ ಅಲ್ಲ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಳ್ಳಲಾಗಿತ್ತು. ಇಷ್ಟು ದೊಡ್ಡ ಗುರಿ ಇಟ್ಟುಕೊಂಡವರು ತಾವಾಗಿಯೇ ಮದ್ಯ ಬೇಡ ಎನ್ನುತ್ತಾರೆಂದು ಕಾಯುತ್ತಾ ಕೂರುವಂತಿಲ್ಲ. ಆದರೆ ಜನ ಬಲವಾಗಿ ಹೇಳಿದಾಗ ಸರ್ಕಾರಗಳು ಕೇಳಿದ್ದೂ ಉಂಟು. ಹಳ್ಳಿಯ ಹೆಂಗಸರ ಕಣ್ಣೀರಿಗೆ ಕಾರಣವಾಗಿದ್ದ ಸಾರಾಯಿ 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಂತಿತು. 2023ರ ಜನವರಿಯಲ್ಲಿ ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಟಾಗ ಎಲ್ಲೆಡೆ ವಿರೋಧ ಬಂತು, ಕೆಲವೇ ದಿನಗಳಲ್ಲಿ ಅದು ವಾಪಸಾಯಿತು.

‘ಕುಡಿಯದವರು ಕುಡಿಯಬೇಡಿ, ನಮ್ಮನ್ನೇಕೆ ತಡೆಯುತ್ತೀರಿ?’

ಈ ಮಾತು ಕೇಳಿಬರುತ್ತದೆ. ನ್ಯಾಯವಾಗಿಯೇ ಉತ್ತರಿಸೋಣ. ಕಬಿನಿ ಹಿನ್ನೀರಿನ ರೆಸಾರ್ಟುಗಳಲ್ಲಿ, ಮೈಸೂರಿನ ಹೋಟೆಲುಗಳಲ್ಲಿ ಮದ್ಯ ಸಿಗುತ್ತದೆ. ಹೋಗುವವರಿಗೆ ಅದು ಗೊತ್ತಿರುತ್ತದೆ, ಬೇಡದವರು ಹೋಗುವುದಿಲ್ಲ. ಕುಟುಂಬದ ಪಾರ್ಕ್ ಹಾಗಲ್ಲ. ಅಲ್ಲಿ ಟಿಕೆಟ್ ಕೊಂಡ ತಾಯಿಗೆ, ಆರು ವರ್ಷದ ಮಗುವಿಗೆ ಬೇರೆ ಆಯ್ಕೆ ಇಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೀರಿದ ಪುರುಷರಲ್ಲಿ ನೂರಕ್ಕೆ ಸುಮಾರು 19 ಮಂದಿ, ಮಹಿಳೆಯರಲ್ಲಿ ನೂರಕ್ಕೆ ಒಬ್ಬರು ಮದ್ಯ ಸೇವಿಸುತ್ತಾರೆ. ಅಂದರೆ ಗಂಡಸರಲ್ಲಿ ಐವರಲ್ಲಿ ನಾಲ್ವರಿಗೆ, ಹೆಂಗಸರಲ್ಲಿ ಬಹುತೇಕ ಎಲ್ಲರಿಗೆ, ಮಕ್ಕಳೆಲ್ಲರಿಗೆ ಪಾರ್ಕಿನಲ್ಲಿ ಮದ್ಯ ಬೇಕಿಲ್ಲ. ಕೆಲವರ ಕೆಲವು ಗಂಟೆಗಳ ರುಚಿಗಾಗಿ ಉಳಿದವರೆಲ್ಲ ಮುಜುಗರ ಅನುಭವಿಸಬೇಕೇ?

ಪ್ಯಾರಿಸಿನ ಮಾದರಿ ನಮಗೆ ಹೊಂದುವುದೂ ಇಲ್ಲ. ಅಲ್ಲಿನವರು ಮನೆಮಂದಿಯ ಜೊತೆ ಕೂತು ಊಟದೊಂದಿಗೆ ಒಂದು ಲೋಟ ವೈನ್ ಕುಡಿಯುತ್ತಾರೆ. ನಮ್ಮ ಕಡೆ ಕುಡಿಯುವವರಲ್ಲಿ ಬಹುಮಂದಿ ಹೆಂಡತಿ ಮಕ್ಕಳ ಕಣ್ಣು ತಪ್ಪಿಸಿ, ಅಮಲೇರುವುದಕ್ಕೆಂದೇ ಕಡುಮದ್ಯ ಕುಡಿಯುತ್ತಾರೆ. ಅದೇ ಅಭ್ಯಾಸ ನೀರಾಟದ ಕೊಳದ ಪಕ್ಕಕ್ಕೆ ಬಂದರೆ ಏನಾದೀತು? ಎತ್ತರದ ಜಾರುಬಂಡೆ, ತಿರುಗುವ ಯಂತ್ರ, ಅಲೆ ಏಳುವ ಕೊಳ ಇವೆಲ್ಲ ಎಚ್ಚರ ಬೇಡುವ ಆಟಗಳು. ಮದ್ಯ ಮೊದಲು ಕಸಿಯುವುದು ಎಚ್ಚರವನ್ನೇ. ಕುಡಿದ ತಂದೆ ತಾನು ಬೀಳುವುದಷ್ಟೇ ಅಲ್ಲ, ನೀರಿನಲ್ಲಿರುವ ಮಗುವಿನ ಮೇಲಿನ ಕಣ್ಣನ್ನೂ ಕಳೆದುಕೊಳ್ಳುತ್ತಾನೆ.

ಇನ್ನು ಸಂಜೆ ಮರಳುವ ದಾರಿ. ಕೆ.ಆರ್.ಎಸ್.ನಿಂದ ಇಲವಾಲಕ್ಕೆ ಬಂದು ಹುಣಸೂರು, ಪಿರಿಯಾಪಟ್ಟಣದ ಕಡೆ ತಿರುಗಿದರೆ ಲಾರಿ, ಬಸ್ಸು ಬಿಡುವಿಲ್ಲದೆ ಓಡುವ ಹೆದ್ದಾರಿ. ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೆ ಎದುರಿನ ಗಾಡಿಯಲ್ಲಿರುವ ಕುಟುಂಬಕ್ಕೆ ಜೀವ ಹೋದ ಮೇಲೆ ದಂಡದಿಂದ ಏನು ಪ್ರಯೋಜನ?

ಕೆಲವು ವರ್ಷಗಳ ಹಿಂದೆ ಮದ್ರಸದ ಮಕ್ಕಳನ್ನು ನದಿ ದಡದ ಒಂದು ತಾಣಕ್ಕೆ ಕರೆದುಕೊಂಡು ಹೋಗಿದ್ದೆವು. ನೀರಿಗಿಳಿದ ಐದೇ ನಿಮಿಷದಲ್ಲಿ ಹತ್ತು ವರ್ಷದ ಹುಡುಗನೊಬ್ಬನ ಅಂಗಾಲಿಗೆ ಒಡೆದ ಬಾಟಲಿಯ ಚೂರು ಹೊಕ್ಕಿತು. ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಆ ದಿನವೇ ಮುಗಿಯಿತು. ಬಾಟಲಿ ಒಡೆದವರು ಯಾರೋ ಏನೋ, ನೋವು ತಿಂದವನು ಮಾತ್ರ ಅದನ್ನು ಮುಟ್ಟದ ಮಗು. ಕುಡಿಯುವವರ ಸ್ವಾತಂತ್ರ್ಯದ ಬೆಲೆಯನ್ನು ಎಷ್ಟೋ ಸಲ ಕುಡಿಯದವರೇ ತೆರುತ್ತಾರೆ.

ನಮ್ಮ ಧರ್ಮ, ಎಲ್ಲರ ಹಿತ

ಮುಸ್ಲಿಮರಿಗೆ ಮದ್ಯ ಹರಾಮ್ ಎಂಬುದು ಎಲ್ಲರಿಗೂ ಗೊತ್ತು. ಕುರ್‌ಆನ್ ಅದನ್ನು ಒಂದೇ ದಿನ ನಿಷೇಧಿಸಲಿಲ್ಲ. ಅದರ ಕೆಡುಕು ಅದರ ಲಾಭಕ್ಕಿಂತ ದೊಡ್ಡದೆಂದು ಮೊದಲು ತಿಳಿಸಿತು. ಬಳಿಕ ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬಾರದೆಂದಿತು. ಕೊನೆಗೆ ಸಂಪೂರ್ಣವಾಗಿ ದೂರವಿರಲು ಆಜ್ಞಾಪಿಸಿತು. ಮದ್ಯ ಹಂಚುವ ಊಟದ ಮೇಜಿನಲ್ಲಿ ಕುಳಿತುಕೊಳ್ಳುವುದನ್ನೂ ಪ್ರವಾದಿ(ಸ) ತಡೆದಿದ್ದಾರೆ. ಆದ್ದರಿಂದ ಪಾರ್ಕಿನ ಊಟದ ಮನೆಗೆ ಮದ್ಯ ಬಂದರೆ ನಮ್ಮ ಕುಟುಂಬಗಳಿಗೆ ಅಲ್ಲಿನ ಬಾಗಿಲು ಮುಚ್ಚಿದಂತೆಯೇ.

ಆದರೆ ನಮ್ಮ ಶರೀಅತ್ತನ್ನು ಇತರರ ಮೇಲೆ ಹೇರಿ ಎಂದು ನಾವು ಕೇಳುತ್ತಿಲ್ಲ. ಮಹಾತ್ಮಾ ಗಾಂಧಿ ಕೇಳಿದ್ದೂ ಇದನ್ನೇ. ಸಂವಿಧಾನದ 47ನೇ ವಿಧಿ ಸರ್ಕಾರಕ್ಕೆ ತೋರಿಸಿರುವ ದಾರಿಯೂ ಇದೇ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪಕ್ಕದ ಮನೆಯ ಲಕ್ಷ್ಮಮ್ಮನಿಗೂ ನಮ್ಮ ಮನೆಯ ಫಾತಿಮಾಗೂ ಈ ವಿಷಯದಲ್ಲಿ ಬೇರೆ ಬೇರೆ ಸಂಕಟವಿಲ್ಲ. ಜೊತೆಗೆ ನಮ್ಮ ಮೊಹಲ್ಲಾಗಳ ಯುವಕರಲ್ಲೂ ಈ ಪಿಡುಗು ಕಾಲಿಟ್ಟಿದೆ ಎಂಬುದನ್ನು ಮರೆಮಾಚಬಾರದು. ಹೊರಗೆ ಬೇಡವೆನ್ನುವ ನಾವು ಮೊದಲು ಮನೆಯೊಳಗೆ ಗಂಡುಮಕ್ಕಳ ಜೊತೆ ಬಿಚ್ಚಿ ಮಾತಾಡಬೇಕು.

ಏನು ಮಾಡಬೇಕು?

ಪಾರ್ಕಿನ ಕರಾರಿನಲ್ಲಿ ನಾಲ್ಕು ಮಾತುಗಳು ಇರಲೇಬೇಕು.

ಒಂದು, ಹೋಟೆಲು, ಸಭಾಂಗಣ, ಕ್ಲಬ್ ಸೇರಿ ಇಡೀ ಆವರಣದಲ್ಲಿ ಯಾವ ಬಗೆಯ ಅಬಕಾರಿ ಸನ್ನದೂ ಇಲ್ಲ, ಒಂದು ದಿನದ್ದೂ ಇಲ್ಲ.

ಎರಡು, ಗೇಟಿನಲ್ಲಿ ಚೀಲಗಳ ತಪಾಸಣೆ, ಕುಡಿದವರಿಗೆ ಪ್ರವೇಶ ನಿರಾಕರಣೆ, ದೂರು ಕೇಳಲು ಮಹಿಳಾ ಸಿಬ್ಬಂದಿ.

ಮೂರು, ವಾಹನ ನಿಲ್ಲಿಸುವ ಜಾಗಕ್ಕೂ ಗೇಟಿನ ಮುಂದಿನ ರಸ್ತೆಗೂ ಶಾಲೆಗಿರುವಂತಹ ಅಂತರದ ನಿಯಮ. ಒಳಗೆ ನಿಷೇಧಿಸಿ ಪಾರ್ಕಿಂಗಿನಲ್ಲಿ ಡಿಕ್ಕಿ ತೆರೆದು ಕುಡಿಯಲು ಬಿಟ್ಟರೆ ನಿಷೇಧಕ್ಕೆ ಅರ್ಥವಿಲ್ಲ.

ನಾಲ್ಕು, ಸೋಡಾ, ಸಂಗೀತದ ಹೆಸರಿನಲ್ಲಿ ಬರುವ ಮದ್ಯ ಕಂಪೆನಿಗಳ ಜಾಹೀರಾತಿಗೂ ಪ್ರಾಯೋಜನೆಗೂ ಅವಕಾಶವಿಲ್ಲ.

ಮಗುವಿಗೆ ಮದ್ಯ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾದ ಅಪರಾಧ. ಇದನ್ನು ಪಾರ್ಕಿನ ಗೇಟಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಬೇಕು.

ಬೃಂದಾವನದ ಹೊಣೆ ಹೊತ್ತಿರುವ ಕಾವೇರಿ ನೀರಾವರಿ ನಿಗಮಕ್ಕೆ, ಪ್ರವಾಸೋದ್ಯಮ ಇಲಾಖೆಗೆ, ನಿಮ್ಮ ತಾಲೂಕಿನ ಶಾಸಕರಿಗೆ ಒಂದೊಂದು ಪತ್ರ ಬರೆಯುವುದು ಕಷ್ಟದ ಕೆಲಸವಲ್ಲ. ಮಸೀದಿಯ ಜಮಾಅತ್ ಒಂದೇ ಬರೆದರೆ ಅದು ಒಂದು ಸಮುದಾಯದ ದೂರಾಗುತ್ತದೆ. ಸ್ತ್ರೀಶಕ್ತಿ ಸಂಘ, ಹಾಲಿನ ಡೇರಿ, ಶಾಲೆಯ ಎಸ್‌ಡಿಎಂಸಿ, ಗ್ರಾಮ ಪಂಚಾಯತ್ ಎಲ್ಲ ಸೇರಿ ಬರೆದರೆ ಊರಿನ ಮಾತಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನ ತಾಯಂದಿರೇ ಎದ್ದು ಈ ವಿಷಯ ಎತ್ತಲಿ, ಅದು ನಿರ್ಣಯವಾಗಿ ಪುಸ್ತಕದಲ್ಲಿ ದಾಖಲಾಗಲಿ. ಕರಾರಿಗೆ ಸಹಿ ಬೀಳುವ ಮೊದಲು ಆಗಬೇಕಾದ ಕೆಲಸ ಇದು.